ಕೆಂಪಿಯನ್ನು ವಾಪಸು ಕರೆತಂದವರು

ಮಾನ್ವಿ, ಚಿರು, ಅವರೆಕಾಯಿಯ ಸೊಗಡು ಒಮ್ಮೆ ಬೆರಳಿಗೆ ಹತ್ತಿದರೆ ಸೋಪು ಹಾಕಿ ಉಜ್ಜಿದರೂ ಸಂಜೆಯವರೆಗೆ ಹೋಗುವುದಿಲ್ಲ. ಇಬ್ಬನಿ ಬಿದ್ದ ಕಾಯಿಯ ಮೈಮೇಲೆ ಎಣ್ಣೆಯ ಹಾಗೆ ಅಂಟಿರುವ, ಸ್ವಲ್ಪ ಹಸಿ, ಸ್ವಲ್ಪ ಕಟು, ಮೂಗಿಗೆ ಹತ್ತಿರ ತಂದರೆ ಹೊಟ್ಟೆ ಹಸಿಯುವಂಥ ಆ ವಾಸನೆ ಹೋದ ಭಾನುವಾರ ನನ್ನ ಕೈಯಲ್ಲಿತ್ತು. ಈ ಆರ್.ಟಿ. ನಗರದ ಮನೆಯ ಹಾಲಿನಲ್ಲಿ ಪೇಪರು ಹಾಸಿ ಕಾಯಿ ಸುರಿದುಕೊಂಡು ಕೂತಿದ್ದೆ. ನೀವಿಬ್ಬರೂ ಎದುರಿಗಿದ್ದಿರಿ. ಮಾನ್ವಿ, ನೀನು ಸುಲಿದದ್ದಕ್ಕಿಂತ ಫೋನಿನಲ್ಲಿ ಓದಿದ್ದೇ ಹೆಚ್ಚು. ಏನೇ ಅದು ಎಂದು ಕೇಳಿದ್ದಕ್ಕೆ ಕಥೆ ಎಂದೆ. ನಿನಗೆ ಬಹಳ ಇಷ್ಟವಾದ, ಹಾರುವ ಕುದುರೆ, ಮಂತ್ರದ ಊರು ಇರುವ ಯಾವುದೋ ದೊಡ್ಡ ಕಥೆಯಂತೆ. ಬರೆದವಳು ಮುಗಿಸಿಬಿಟ್ಟಳಂತೆ, ಈಗ ಬೇರೆ ಯಾರು ಯಾರೋ ಅದೇ ಊರು, ಅದೇ ಜನ ಇಟ್ಟುಕೊಂಡು ಮುಂದಿನದನ್ನು ಬರೆಯುತ್ತಾರಂತೆ. "ಎಂಡಿಂಗ್ ಇಷ್ಟ ಆಗ್ಲಿಲ್ಲ ಅಂದ್ರೆ ಯಾರ್ ಬೇಕಾದ್ರೂ ಚೇಂಜ್ ಮಾಡ್ಬೋದು ಅಜ್ಜಿ" ಎಂದೆ. ಮೊದಲು ಬರೆದವಳಿಗೆ ಗೊತ್ತಾ ಎಂದು ಚಿರು ಕೇಳಿದ. ನೀನು ತಲೆಯೆತ್ತದೆ, "ಅವಳನ್ನ ಯಾರ್ ಕೇಳ್ತಾರೆ" ಎಂದು ನಕ್ಕೆ.

ನಾನು ಕಾಯಿ ಬಿಟ್ಟು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಜ್ಜಿಗೆ ತಲೆನೋವು ಎಂದು ನಿಮ್ಮಮ್ಮ ನಿಮಗೆ ಹೇಳಿದಳಂತೆ. ತಲೆನೋವಲ್ಲ, ಕೋಪ. ನಿನ್ನ ಮೇಲಲ್ಲ ಮಗಳೇ, ಆದರೆ ನಿನ್ನ ಬಾಯಿಂದ ಬಂದ ಆ ಮಾತಿನ ಮೇಲೆ ಹೌದು. ಅದೇ ಮಾತನ್ನು ನಾನು ಹನ್ನೊಂದು ವರ್ಷದವಳಿದ್ದಾಗ ಬೇರೊಬ್ಬರ ಬಾಯಲ್ಲಿ ಕೇಳಿದ್ದೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ನಾಲ್ಕು ಜನ ಇದ್ದರೆ ನನ್ನ ಗಂಟಲು ಕಟ್ಟುತ್ತದೆ ಎಂದು ನಿಮಗೆ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಕನ್ನಡ ನನ್ನದು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ತಿದ್ದುವುದು ಬರವಣಿಗೆಯನ್ನು ಮಾತ್ರ, ನಡೆದದ್ದನ್ನಲ್ಲ.

ನಮ್ಮ ಮನೆ ಅಲ್ಲಾಳಸಂದ್ರದ ಕೆರೆ ಏರಿಯಿಂದ ಕೂಗಳತೆಯಲ್ಲಿತ್ತು. ಈಗ ಆ ಜಾಗದಲ್ಲಿ ಏನಿದೆ ಎಂದು ನೋಡಲು ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಹೆಂಚಿನ ಮನೆ, ಮುಂದೆ ಜಗಲಿ, ಒಳಗೆ ಕತ್ತಲು ಕತ್ತಲಾದ ನಡುಮನೆ, ಹಿಂದೆ ಹಿತ್ತಲು, ಹಿತ್ತಲಲ್ಲಿ ಬಾವಿ. ನಡುಮನೆಯ ಮೂಲೆಯಲ್ಲಿ ಬೀಸುವ ಕಲ್ಲು. ಆ ಕಲ್ಲಿನ ಪಕ್ಕದ ಗೋಡೆಗೆ ಒರಗಿ ಕೂರುತ್ತಿದ್ದವಳು ನಂಜತ್ತೆ, ನಮ್ಮಪ್ಪನ ಅಕ್ಕ. ಒಂಬತ್ತನೇ ವಯಸ್ಸಿಗೆ ಮದುವೆ, ಹನ್ನೊಂದನೇ ವಯಸ್ಸಿಗೆ ಗಂಡ ಜ್ವರ ಬಂದು ಹೋದ. ಅವನ ಮನೆಯ ಹೊಸಿಲನ್ನೂ ಅವಳು ತುಳಿದಿರಲಿಲ್ಲ. ನಾನು ನೋಡುವ ಹೊತ್ತಿಗೆ ಅವಳಿಗೆ ನಲವತ್ತಾಗಿರಬೇಕು. ಮನೆಯಲ್ಲಿ ಅವಳದು ಅಂತ ಹೇಳಿಕೊಳ್ಳಲು ಒಂದು ಲೋಟವೂ ಇರಲಿಲ್ಲ. ಅವಳು ಉಡುತ್ತಿದ್ದ ಸೀರೆ ಅವ್ವ ಉಟ್ಟು ಬಿಟ್ಟದ್ದು, ಮಲಗುತ್ತಿದ್ದ ಚಾಪೆ ಮಕ್ಕಳದು. ಮದುವೆ, ಸೀಮಂತ ಎಂದರೆ ಒಳಗೇ ಇರುತ್ತಿದ್ದಳು. ಯಾರೂ ಇರು ಎಂದು ಹೇಳಬೇಕಾಗಿರಲಿಲ್ಲ, ಅವಳೇ ಸರಿದುಕೊಳ್ಳುತ್ತಿದ್ದಳು. ಯಾರೂ ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನಮ್ಮ ಮನೆಯವರು ಕೆಟ್ಟವರಲ್ಲ. ಅವಳು ಇದ್ದಾಳೆ ಎನ್ನುವುದನ್ನು ಬೀಸುವ ಕಲ್ಲು ಇದೆ ಎನ್ನುವ ಹಾಗೆ ತಿಳಿದುಕೊಂಡಿದ್ದರು, ಅಷ್ಟೆ.

ಆದರೆ ಅವರೆ ಸುಗ್ಗಿ ಬಂದರೆ ಆ ಮೂಲೆ ಮನೆಯ ನಡುವಾಗುತ್ತಿತ್ತು. ಮಾರ್ಗಶಿರದಿಂದ ಸಂಕ್ರಾಂತಿ ಕಳೆಯುವವರೆಗೆ ದಿನಾ ಮಧ್ಯಾಹ್ನ ಗೋಣಿತಟ್ಟಿನ ಮೇಲೆ ಹಸಿರು ಗುಡ್ಡೆ. ಒಂದು ಕಡೆ ಕಾಯಿ ಸುಲಿಯುವುದು, ಇನ್ನೊಂದು ಕಡೆ ನೀರಲ್ಲಿ ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಚಿಮ್ಮಿಸಿ ಹಿತಕಿದ ಬೇಳೆ ಮಾಡುವುದು. ಅವ್ವ, ನಾನು, ನನ್ನ ತಮ್ಮ ರಾಮ, ಅಕ್ಕಪಕ್ಕದ ಹೆಂಗಸರು ಸುತ್ತ ಕೂರುತ್ತಿದ್ದೆವು. ಎಲ್ಲರ ಕೈಬಳೆ ಗಲಗಲ ಎನ್ನುತ್ತಿದ್ದವು. ನಂಜತ್ತೆಯ ಕೈ ಮಾತ್ರ ಸದ್ದಿಲ್ಲದೆ ಓಡುತ್ತಿತ್ತು, ಸದ್ದೆಲ್ಲ ಅವಳ ಬಾಯಲ್ಲಿತ್ತು. ಕಥೆ ಹೇಳುತ್ತಿದ್ದಳು. ವರ್ಷದ ಮಿಕ್ಕ ಹತ್ತು ತಿಂಗಳು ಎಷ್ಟು ಗೋಗರೆದರೂ ಒಂದು ಮಾತು ಹೇಳುತ್ತಿರಲಿಲ್ಲ. ಯಾರದಾದರೂ ಕೈ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಆ ದಿನದ ಗುಡ್ಡೆ ಮುಗಿಯುವ ಹೊತ್ತಿಗೆ, ಕಥೆ ಎಲ್ಲಿಗೇ ಬಂದಿರಲಿ, ಬಲಿತ ಒಂದು ಕಾಳನ್ನು ಆರಿಸಿ ಹಿತುಕದೆ ಗೋಡೆಯ ಗೂಡಿನಲ್ಲಿಡುತ್ತಿದ್ದಳು. ಅದಕ್ಕೆ ಉಳಿಕೆ ಕಾಳು ಎಂದು ಹೆಸರು. ಮಾರನೇ ದಿನ ಅದನ್ನು ಕೈಯಲ್ಲಿ ಹಿಡಿದು, "ಎಲ್ಲಿದ್ಲು ನಮ್ ಕೆಂಪಿ?" ಎಂದು ಕೇಳಿದರೆ ನಾವು ಹೇಳಬೇಕು. ತಪ್ಪು ಹೇಳಿದರೆ ಆ ದಿನ ಕಥೆ ಇಲ್ಲ. ಸುಗ್ಗಿಯ ಕಡೆಯ ದಿನದ ಉಳಿಕೆ ಕಾಳನ್ನು ಬೂದಿ ಸವರಿ ಇಟ್ಟುಕೊಂಡು ಆಷಾಢದ ಮಳೆಗೆ ಬಾವಿಯ ಹಿಂದೆ ಊರುತ್ತಿದ್ದಳು. ಮುಂದಿನ ಸುಗ್ಗಿಯಲ್ಲಿ ಆ ಬಳ್ಳಿಯ ಮೊದಲ ಕಾಯಿ ಸುಲಿದ ಮೇಲೆಯೇ ಕೆಂಪಿ ಮುಂದಿನ ಹೆಜ್ಜೆ ಇಡುತ್ತಿದ್ದುದು. ಹೀಗೆ ನಾನು ಹುಟ್ಟುವ ಮೊದಲಿನಿಂದ ನಡೆದುಕೊಂಡು ಬಂದಿತ್ತು.

ಕೆಂಪಿ ಒಂಬತ್ತು ವರ್ಷದ ಹುಡುಗಿ. ಮದುವೆಯ ಹಿಂದಿನ ದಿನ ಕೆರೆಗೆ ನೀರಿಗೆ ಹೋಗಿ, ಗದ್ದೆಗೆ ನೀರು ಬಿಡುವ ಕಲ್ಲಿನ ತೂಬಿನ ಮೆಟ್ಟಿಲಲ್ಲಿ ಕಾಲು ಜಾರಿ ಕೆಳಕ್ಕೆ ಹೋದಳು. ಮುಳುಗಲಿಲ್ಲ. ಕೆರೆಯ ಅಡಿಯಲ್ಲಿ ಇನ್ನೊಂದು ಊರಿತ್ತು, ಅದೇ ಅಡಿಯೂರು. ಅಲ್ಲಿಗೆ ನೀರೇ ಆಕಾಶ, ಮೀನುಗಳೇ ಹಕ್ಕಿಗಳು. ಮೇಲೆ ಹೆಂಗಸರು ಕಲ್ಲಿಗೆ ಬಟ್ಟೆ ಕುಕ್ಕಿದರೆ ಕೆಳಗೆ ಗುಡುಗು. ಸಂಜೆ ನಮ್ಮ ಕೆರೆಯಲ್ಲಿ ಮುಳುಗಿದ ಸೂರ್ಯ ಮಾರನೇ ದಿನ ಅವರಿಗೆ ಬೆಳಗುತ್ತಿದ್ದ. ಆದ್ದರಿಂದ ಅಲ್ಲಿ ಯಾವಾಗಲೂ ನಿನ್ನೆಯ ಬೆಳಕು, ಅಲ್ಲಿಗೆ ಕೆಟ್ಟ ಸುದ್ದಿ ಬರುವುದು ಯಾವಾಗಲೂ ಒಂದು ದಿನ ತಡ. ತೂಬು ಕಾಯುವ ಒಬ್ಬ ದೊಡ್ಡಮ್ಮ ಇದ್ದಳು, ಅವಳ ಸೊಂಟದಲ್ಲಿ ಬೀಗದ ಕೈಗಳ ಬದಲು ಏಡಿಕಾಯಿಗಳು ಜೋತಾಡುತ್ತಿದ್ದವು. ಆ ಊರಲ್ಲಿ ನೀವೇ ಕೇಳಿದರೆ ಮಾತ್ರ ವಯಸ್ಸು ಹೆಚ್ಚುತ್ತಿತ್ತು. ಕೆಂಪಿ ಕೇಳಲಿಲ್ಲ. ಮೇಲೆ ಮದುವೆಯ ವಾಲಗ ಕೇಳಿಸುತ್ತಿತ್ತು, ಗಂಡಿನ ಕಡೆಯವರು ಕೂಗುತ್ತಿದ್ದರು, ಅವಳು ಮಾತ್ರ ಅಡಿಯೂರಿನ ಬೀದಿಗಳಲ್ಲಿ ತಿರುಗುತ್ತಿದ್ದಳು. ಸೌದೆ ಒಡೆಯಲು ಕಲಿತಳು, ಮೀನಿನ ಭಾಷೆ ಕಲಿತಳು, ಒಮ್ಮೆ ಕಪ್ಪೆಗಳ ಪಂಚಾಯ್ತಿಯಲ್ಲಿ ನ್ಯಾಯ ಹೇಳಿದಳು. ಕೇಳುತ್ತಿದ್ದ ಹೆಂಗಸರು ಕೈ ನಿಲ್ಲಿಸದೆ ನಗುತ್ತಿದ್ದರು, ಕೆಲವೊಮ್ಮೆ ಸುಮ್ಮನಾಗುತ್ತಿದ್ದರು. ಅದು ಯಾರ ಕಥೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಂಜತ್ತೆ ಕಥೆಯನ್ನು ಬಚ್ಚಿಟ್ಟುಕೊಂಡವಳಲ್ಲ, ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ನಾವು ಮಕ್ಕಳು ಕೆರೆ ಏರಿಯ ಮೇಲೆ ಅಡಿಯೂರು ಆಟ ಆಡುತ್ತಿದ್ದೆವು. ನಮಗೆ ಬೇಕಾದ ಹಾಗೆ ಕೆಂಪಿಯನ್ನು ಓಡಿಸುತ್ತಿದ್ದೆವು. ಒಂದು ಸಲ ರಾಮ, ಕೆಂಪಿಗೆ ಒಂದು ಎಮ್ಮೆ ಇದ್ದರೆ ಚೆನ್ನಾಗಿರುತ್ತಿತ್ತು ಎಂದ. ಅತ್ತೆ ಕಾಳು ಹಿತುಕುತ್ತ ಬಹಳ ಹೊತ್ತು ಯೋಚಿಸಿ, "ತಡಿ ಮಗ, ಕೆಂಪಿನ ಕೇಳಿ ಏಳ್ತೀನಿ" ಎಂದಳು. ಮಾರನೇ ದಿನ ಅಡಿಯೂರಿಗೆ ನೀರೆಮ್ಮೆ ಬಂತು. ಅಂದಿನಿಂದ ಅದರ ಹೆಸರು ರಾಮನೆಮ್ಮೆ. ಆಮೇಲಿನ ಸುಗ್ಗಿಗಳಲ್ಲೂ ಅವಳು ಅದನ್ನು ಬರೀ ಎಮ್ಮೆ ಎಂದು ಒಂದು ದಿನವೂ ಅನ್ನಲಿಲ್ಲ. ಒಬ್ಬರು ಕೊಟ್ಟದ್ದನ್ನು ಕೊಟ್ಟವರ ಹೆಸರಲ್ಲೇ ಇಟ್ಟುಕೊಳ್ಳುವುದು ಅವಳಿಗೆ ಗೊತ್ತಿತ್ತು. ಓದು ಬರಹ ಗೊತ್ತಿರಲಿಲ್ಲ, ಇದು ಗೊತ್ತಿತ್ತು.

ಓದು ಬರಹ ಗೊತ್ತಿದ್ದವಳು ನಾನು. ನಮ್ಮ ಬೀದಿಯಲ್ಲಿ ನಾಲ್ಕನೇ ಕ್ಲಾಸು ದಾಟಿದ ಹುಡುಗಿ ನಾನೊಬ್ಬಳೇ. ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು, ಹೊರಗಿನಿಂದ ಬಂದವರು. ಇಸ್ತ್ರಿ ಮಾಡಿದ ಖಾದಿ ಜುಬ್ಬ, ಜೇಬಿನಲ್ಲಿ ಎರಡು ಪೆನ್ನು. ಹೊಡೆಯುತ್ತಿರಲಿಲ್ಲ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಒಂದು ಗೀಟಿನ ನೋಟ್‌ಬುಕ್ಕು ಕೊಟ್ಟು, ಮನಸ್ಸಿಗೆ ಬಂದದ್ದು ಬರಿ ಎಂದರು. ನನ್ನ ಮನಸ್ಸಿಗೆ ಬರುವುದು ಇನ್ನೇನು? ಆ ವರ್ಷ ಬೇಸಿಗೆಯಿಡೀ ಹಿತ್ತಲಲ್ಲಿ ಕೂತು, ನಂಜತ್ತೆ ಹೇಳಿದ್ದನ್ನೆಲ್ಲ ನೆನೆನೆನೆದು ಬರೆದೆ. ಅವಳನ್ನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೇ ಇಲ್ಲ ಎಂದರೆ ಸುಳ್ಳು. ಹೊಳೆದಿತ್ತು, ನಾಚಿಕೆಯಾಯಿತು, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ನೋಟ್‌ಬುಕ್ಕು ತುಂಬಿದಾಗ ಮೇಷ್ಟ್ರಿಗೆ ಕೊಟ್ಟೆ. ಅವರು ಅಲ್ಲೇ ನಿಂತು ನಾಲ್ಕು ಪುಟ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು. ಇದನ್ನು ಮನೆಗೆ ತೆಗೆದುಕೊಂಡು ಹೋಗುತ್ತೇನೆ ಜಯಾ ಎಂದರು. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ. ಆ ಸಂತೋಷಕ್ಕೆ ಊಟ ಸೇರಲಿಲ್ಲ. ಇವತ್ತು ಅದನ್ನು ನೆನೆದರೆ ಆ ಹುಡುಗಿಯ ಕೆನ್ನೆಗೆ ಹೊಡೆಯಬೇಕು ಎನಿಸುತ್ತದೆ.

ಮಾರನೇ ಸುಗ್ಗಿಯ ನಡುವೆ ಶಾಲೆಯ ವಾರ್ಷಿಕೋತ್ಸವ. ಅಷ್ಟರಲ್ಲಿ ಮೇಷ್ಟ್ರು ಪೇಟೆಯ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದರು. ನೀಲಿ ರಟ್ಟು, ಮೇಲೆ ದೊಡ್ಡದಾಗಿ "ಅಡಿಯೂರಿನಿಂದ ಮರಳಿದ ಕೆಂಪಿ", ಕೆಳಗೆ ಅವರ ಹೆಸರು. ಮನೆಗೆ ಬಂದು ಅಪ್ಪನ ಕೈಗೆ ಐದು ಪ್ರತಿ ಕೊಟ್ಟರು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡರು. ನಮ್ಮನೆ ಕಥೆ ಪುಸ್ತಕ ಆಯ್ತು ಎಂದು ಜಗಲಿಯ ಮೇಲೆ ಕೂತವರಿಗೆಲ್ಲ ತೋರಿಸಿದರು. ಒಳಗೆ ಬಂದು, "ಅಕ್ಕ, ನಮ್ಮನೆ ಕಥೆ ಓದ್ತಾರಂತೆ, ನೀನೂ ಬಾ" ಎಂದು ಕರೆದರು. ನಂಜತ್ತೆ ಕಲ್ಲಿನ ಪಕ್ಕದಿಂದ ಏಳದೆ, "ಮನೇದಲ್ಲ ಕಣೋ, ನಂದು" ಎಂದಳು. ಅಪ್ಪ ನಕ್ಕರು. ಅವಳು ಹಾಗೆ ಹೇಳಿದ್ದನ್ನು ನಾನೊಬ್ಬಳೇ ಕೇಳಿಸಿಕೊಂಡೆ ಎಂದು ಕಾಣುತ್ತದೆ. ಆದರೂ ಬಂದಳು. ನಾಲ್ಕು ಜನ ಸೇರಿದ ಕಡೆಗೆ ಅವಳು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಲೆತುಂಬ ಸೆರಗು ಹೊದ್ದು, ಹೆಂಗಸರ ಹಿಂದೆ, ಶಾಲೆಯ ಅಂಗಳದ ಬೇವಿನ ಮರಕ್ಕೆ ಒರಗಿ ನಿಂತಳು.

ಓದಿದವಳು ನಾನು. ಮೇಷ್ಟ್ರು ನನ್ನನ್ನೇ ಆರಿಸಿದ್ದರು, ಹುಡುಗಿ ಓದಿದರೆ ಚೆನ್ನಾಗಿರುತ್ತದೆ ಎಂದು. ಮೊದಲೇ ಒಂದು ಸಲ ಓದಿಕೊಳ್ಳಲು ಕೊಡಲಿಲ್ಲ, ನಾನೂ ಕೇಳಲಿಲ್ಲ. ಮೊದಲ ಪುಟದಲ್ಲಿ, "ಬಾಳಿನ ನೋವನ್ನೆಲ್ಲ ನುಂಗಿ ತಮ್ಮನ ಮನೆಗೆ ದೀಪವಾದ ಒಬ್ಬ ಸಾಧ್ವಿಗೆ" ಎಂದು ಅರ್ಪಣೆ ಇತ್ತು. ಸಾಧ್ವಿಗೆ ಹೆಸರಿರಲಿಲ್ಲ. ಆಮೇಲೆ ನನ್ನ ಮಾತುಗಳೇ ಬಂದವು. ಮೀನುಗಳು ತಲೆಯ ಮೇಲೆ ಹಾರಿ ಹೋದವು ಎಂದು ನಾನು ಬರೆದದ್ದು ಹಾಗೇ ಇತ್ತು. ಓದುತ್ತ ಓದುತ್ತ ನನ್ನ ದನಿ ತಾನಾಗಿ ಏರಿತು. ಜನ ನಕ್ಕ ಕಡೆ ನಾನೇ ನಗಿಸಿದ ಹಾಗಾಯಿತು. ರಾಮನೆಮ್ಮೆ ಮಾತ್ರ ಬರೀ ಎಮ್ಮೆಯಾಗಿತ್ತು. ಮುಂದೆ ಕೂತಿದ್ದ ರಾಮ, "ಅದು ನನ್ನೆಮ್ಮೆ" ಎಂದು ಎದ್ದು ನಿಂತ, ಅಪ್ಪ ಎಳೆದು ಕೂರಿಸಿದರು.

ಅರ್ಧ ಪುಸ್ತಕ ಆದ ಮೇಲೆ ಮಾತು ನನ್ನದಲ್ಲ ಎನಿಸಿತು. ವಾಕ್ಯಗಳು ಉದ್ದವಾದವು. ಕೆಂಪಿಯ ಕಣ್ಣು ತೆರೆಯಿತು, ಹೆಣ್ಣಿಗೆ ಪತಿಯ ಮನೆಯೇ ಲೋಕ ಎಂದು ಅರಿವಾಯಿತು ಎಂದು ಓದಿದೆ. ಅವಳು ಅಳುತ್ತ ತೂಬಿನ ಮೆಟ್ಟಿಲು ಹತ್ತಿ ಮೇಲೆ ಬಂದು, ಕಾಯುತ್ತಿದ್ದ ಗಂಡಿನ ಕಾಲಿಗೆ ಬಿದ್ದಳು ಎಂದು ಓದಿದೆ. ಮದುವೆಯಾಯಿತು. ಲಗ್ನ ತಪ್ಪಿಸಿದ ದೋಷಕ್ಕೆ ಎರಡೇ ವರ್ಷದಲ್ಲಿ ಗಂಡ ಜ್ವರ ಬಂದು ಸತ್ತ. ಕೆಂಪಿ ತವರಿಗೆ ಬಂದು, ಬೀಸುವ ಕಲ್ಲಿನ ಪಕ್ಕದ ಮೂಲೆಯಲ್ಲಿ ಕೂತು, ತಮ್ಮನ ಮಕ್ಕಳನ್ನು ಸಾಕುತ್ತ ಪುನೀತಳಾದಳು. ಬೀಸುವ ಕಲ್ಲಿನ ಪಕ್ಕದ ಮೂಲೆ. ಮೇಷ್ಟ್ರು ನಮ್ಮ ಮನೆಗೆ ಬಂದು ಹೋಗುವವರು, ಆ ಮೂಲೆಯನ್ನು ನೋಡಿದ್ದರು. ಇಷ್ಟು ವರ್ಷ ಒಂದೊಂದೇ ಕಾಳು ಹಿತುಕಿ ನಂಜತ್ತೆ ಯಾವ ಮೂಲೆಯಿಂದ ಆ ಹುಡುಗಿಯನ್ನು ಆಚೆಗೆ ಕಳಿಸಿದ್ದಳೋ, ಅದೇ ಮೂಲೆಗೆ ಅವಳನ್ನು ಜುಟ್ಟು ಹಿಡಿದು ಎಳೆದು ತಂದು ಕೂರಿಸಿದ್ದರು. ಅದನ್ನು ಗೌರವ ಎಂದುಕೊಂಡಿದ್ದರು. ಜನ ಕಣ್ಣೊರೆಸಿಕೊಂಡರು. ಓದುತ್ತಲೇ ನನಗೆ ಗೊತ್ತಾಯಿತು. ಆದರೂ ಪುಟ ತಿರುವಿದೆ. ಮೇಷ್ಟ್ರು ಓದು ಎಂದಿದ್ದರು, ಓದಿದೆ. ಕಡೆಯ ಸಾಲಿನವರೆಗೂ, ಒತ್ತಕ್ಷರ ತಪ್ಪದೆ. ಚಪ್ಪಾಳೆ ಬಿತ್ತು. ಬೇವಿನ ಮರದ ಕಡೆ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ.

ಮಾರನೇ ಮಧ್ಯಾಹ್ನ ಎಂದಿನಂತೆ ಗುಡ್ಡೆ ಸುರಿದರು, ಎಲ್ಲರೂ ಕೂತರು. ನಂಜತ್ತೆ ಕೈ ಓಡಿಸುತ್ತಿದ್ದಳು, ಮಾತಿಲ್ಲ. ಬಳೆಗಳ ಸದ್ದೊಂದೇ. ಏನೂ ತಿಳಿಯದ ರಾಮ, "ಅತ್ತೆ, ಕೆಂಪಿ ಎಲ್ಲವ್ಳೆ?" ಎಂದು ಕೇಳಿದ. ಅವಳು ತಲೆಯೆತ್ತದೆ ಹೇಳಿದಳು. "ಮೂಲೆನಾಗ್ ಕುಂತವ್ಳೆ. ಪುಸ್ತಕದಾಗೆ ಐತಲ್ಲ ಮಗ, ನಿಮ್ಮಕ್ಕ ಓದಲಿಲ್ವಾ?" ಹೇಳಿ ಎದ್ದು, ಗೂಡಿನಲ್ಲಿದ್ದ ಉಳಿಕೆ ಕಾಳನ್ನು ತೆಗೆದು, ನಮ್ಮೆಲ್ಲರ ಎದುರಿಗೆ ಹಿತುಕಿ, ಬೇಳೆಯನ್ನು ಪಾತ್ರೆಗೆ ಹಾಕಿದಳು. ಅಂದು ಸಾರು ಮಾಡಿದರು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಅವ್ವ ಮೈ ಮುಟ್ಟಿ ನೋಡಿ ಜ್ವರ ಇಲ್ಲವಲ್ಲ ಎಂದಳು.

ಅದೇ ವಾರ ಮೇಷ್ಟ್ರನ್ನು ಅಪ್ಪ ಊಟಕ್ಕೆ ಕರೆದರು, ಸನ್ಮಾನದ ಹಾಗೆ. ಹಿತಕಿದ ಬೇಳೆ ಸಾರು, ಮುದ್ದೆ. ನಾನು ನೀರು ಹಾಕುತ್ತಿದ್ದೆ. ನಂಜತ್ತೆ ಹೊರಗಿನ ಗಂಡಸರೊಂದಿಗೆ ಮಾತಾಡುತ್ತಿರಲಿಲ್ಲ. ಅಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಕಾಣದ ಹಾಗೆ, "ಮೇಷ್ಟ್ರೇ, ಕೆಂಪಿನ ಯಾಕ್ ವಾಪಸ್ ಕರ್ಕೊಂಡ್ ಬಂದ್ರಿ?" ಎಂದು ಕೇಳಿದಳು. ಮೇಷ್ಟ್ರಿಗೆ ಸಂತೋಷವೇ ಆಯಿತು, ಓದುಗರು ಪ್ರಶ್ನೆ ಕೇಳಿದರೆ ಆಗುವ ಹಾಗೆ. ಕಥೆ ಎಂದ ಮೇಲೆ ಮುಕ್ತಾಯ ಬೇಡವೇ, ಹುಡುಗಿ ನೀರಿನ ಅಡಿಯಲ್ಲೇ ತಿರುಗಿಕೊಂಡಿದ್ದರೆ ಓದುವವರಿಗೆ ಏನು ನೀತಿ ಸಿಗುತ್ತದೆ, ನಾನು ಅದಕ್ಕೊಂದು ದಡ ಕಾಣಿಸಿದೆ ತಾಯಿ ಎಂದು ವಿವರಿಸಿದರು. ಬಾಗಿಲ ಹಿಂದಿನಿಂದ ನಂಜತ್ತೆ, "ಒಂದ್ ಮಾತು ಕೇಳ್ಬೋದಿತ್ತು" ಎಂದಳು. ಮೇಷ್ಟ್ರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ನಿಜವಾಗಿಯೂ ಅರ್ಥವಾಗದೆ ಕೇಳಿದರು.

"ಯಾರನ್ನ?"

ಅವರು ಕೆಟ್ಟ ಮನುಷ್ಯರಲ್ಲ. ನನಗೆ ಅಕ್ಷರ ಕೊಟ್ಟವರು, ಅವರು ಕೊಟ್ಟ ಅಕ್ಷರದಲ್ಲೇ ಅವರನ್ನು ದೂರುತ್ತಿದ್ದೇನೆ. ಅವರು ಕೆಟ್ಟವರಾಗಿದ್ದರೆ ನನ್ನ ಕೋಪ ಎಂದೋ ಆರುತ್ತಿತ್ತು. ಅಣಕಿಸಲು ಹಾಗೆ ಕೇಳಿದ್ದರೆ ಅಪ್ಪನಾದರೂ ಸಿಡುಕುತ್ತಿದ್ದರೇನೋ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿರಲಿಲ್ಲ, ಮುದ್ದೆ ಬಡಿಸುತ್ತಿದ್ದ ಅವ್ವನಿಗೂ ಗೊತ್ತಿರಲಿಲ್ಲ. ಒಂದು ಕಥೆಗೆ ಒಡತಿ ಇರುತ್ತಾಳೆ, ಅವಳು ಆ ಬಾಗಿಲ ಹಿಂದೆ ಬರಿಗೈಯಲ್ಲಿ ನಿಂತಿದ್ದಾಳೆ ಎಂದು. ಗೊತ್ತಿದ್ದವಳು ನಾನೊಬ್ಬಳೇ, ನಾನು ನೀರು ಹಾಕಿದೆ.

ಆಮೇಲೆ ಅದು ಹಬ್ಬಿತು. ಪುಸ್ತಕ ಇನ್ನೊಂದು ಸಲ ಅಚ್ಚಾಯಿತು. ಸೋಲದೇವನಹಳ್ಳಿ ಕಡೆಯ ಹುಡುಗರು ಅದನ್ನು ನಾಟಕ ಮಾಡಿದರಂತೆ. ಅದರಲ್ಲಿ ತೂಬಿನ ದೊಡ್ಡಮ್ಮ ರಾಕ್ಷಸಿ, ಕೆಂಪಿಯನ್ನು ಬಿಡಿಸಲು ಒಬ್ಬ ರಾಜಕುಮಾರ. ಇನ್ನೆಲ್ಲೋ ಕೆಂಪಿ ಸತ್ತು ಬೆಳ್ಳಕ್ಕಿಯಾದಳಂತೆ. ಒಬ್ಬೊಬ್ಬರು ಒಂದೊಂದು ಕಡೆಯಿಂದ ಎಳೆದರು. ಚಿಕ್ಕಜಾಲದಿಂದ ಬಳೆ ಮಾರುವ ಮುನಿಯಮ್ಮ ಬರುತ್ತಿದ್ದಳು, ದೊಡ್ಡ ಬಾಯಿ, ಒಳ್ಳೆಯವಳು. ಒಂದು ದಿನ ಅವ್ವನ ಕೈಗೆ ಬಳೆ ಏರಿಸುತ್ತ ಕೆಂಪಿಯ ಕಥೆ ಹೇಳಲು ಶುರುಮಾಡಿದಳು. ಮೂಲೆಯಲ್ಲಿದ್ದ ನಂಜತ್ತೆ ಅದು ಹಂಗಲ್ಲ ಎಂದು ಮೆಲ್ಲಗೆ ಅಂದಳು. "ಅಯ್ಯೋ ನಿಂಗೇನ್ ಗೊತ್ತು ಬುಡಕ್ಕ, ಅಚ್ಚಾಗೈತೆ ಪುಸ್ತಕದಾಗೆ" ಎಂದಳು ಮುನಿಯಮ್ಮ. "ಔದಾ" ಎಂದಳು ನಂಜತ್ತೆ. ಅಷ್ಟೆ. ಅವಳ ಕಥೆಯನ್ನು ಅವಳಿಗೇ ಹೇಳಿಕೊಟ್ಟು ಮುನಿಯಮ್ಮ ಬುಟ್ಟಿ ಹೊತ್ತು ಹೋದಳು. ಆ ಸುಗ್ಗಿಯಲ್ಲೂ, ಮುಂದಿನ ಸುಗ್ಗಿಗಳಲ್ಲೂ ನಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿದೆವು, ಕಥೆ ಇರಲಿಲ್ಲ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ನಾನು ಅವಳ ಎದುರಿಗೆ ಕೂತು ಐದು ಸುಗ್ಗಿ ಕಾಳು ಹಿತುಕಿದೆ. ಪುಸ್ತಕಕ್ಕೆ ಕೊಟ್ಟವಳು ನಾನು ಎಂದು ಹೇಳಲು ಪ್ರತಿದಿನ ಬಾಯಿ ತೆರೆದೆ, ಪ್ರತಿದಿನ ಮುಚ್ಚಿದೆ.

ನನಗೆ ಹದಿನಾರು ತುಂಬಿದ ಮೇಲೆ ಹೆಬ್ಬಾಳದ ಸಂಬಂಧ ಕುದುರಿತು, ನಿಮ್ಮ ತಾತನದು. ಮದುವೆಯ ಹಿಂದಿನ ದಿನ ಮನೆತುಂಬ ನೆಂಟರು, ಅಂಗಳದಲ್ಲಿ ಚಪ್ಪರ. ಮಧ್ಯಾಹ್ನ ಅರಿಶಿನ ಹಚ್ಚಿದ ಮೈಯಲ್ಲಿ ನಾನು ಹಿತ್ತಲಿಗೆ ಹೋದರೆ ಬಾವಿಯ ಹಿಂದೆ ನಂಜತ್ತೆ ನಿಂತಿದ್ದಳು. ಮದುವೆ ಮನೆಯಲ್ಲಿ ಅವಳು ನನ್ನ ಎದುರಿಗೆ ಬರುವ ಹಾಗಿರಲಿಲ್ಲ. ಅಲ್ಲಿ ಕಲ್ಲುಗುಂಡಿನ ಮೇಲೆ ಒಂದು ಅವರೆ ಬಳ್ಳಿ ಹಬ್ಬಿತ್ತು. ಕಥೆ ನಿಂತ ಮೇಲೂ ಪ್ರತಿ ವರ್ಷ ಬರುತ್ತಿತ್ತು, ಅವಳು ಊರುವುದು ಬಿಟ್ಟಿದ್ದಾಳೆ, ಉದುರಿದ ಕಾಳಿನಿಂದ ತಾನಾಗಿ ಹುಟ್ಟಿದ್ದು ಎಂದುಕೊಂಡಿದ್ದೆವು. ಅವಳು ಸೆರಗಿನ ಗಂಟು ಬಿಚ್ಚಿ ಬೂದಿ ಸವರಿದ ಮೂರು ಕಾಳನ್ನು ನನ್ನ ಅಂಗೈಗೆ ಹಾಕಿದಳು. "ಅವತ್ತು ಸಾರಿಗ್ ಹಾಕಿದ್ದು ಬೇರೆ ಕಾಳು ಕಣೆ" ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ, ಆ ನೋಟ್‌ಬುಕ್ಕು ಎಂದು ಶುರುಮಾಡಿದೆ. ಅವಳು ಕೈಯೆತ್ತಿ ತಡೆದಳು.

"ಗೊತ್ತು ಸುಮ್ಕಿರು. ಅರ್ಧದವರ್ಗೂ ನನ್ ಮಾತೇ ಇತ್ತು, ಕೇಳ್ತಿದ್ನಲ್ಲ. ಚೆನ್ನಾಗ್ ಬರ್ದಿದ್ದೆ." ಕೋಪವೂ ಇಲ್ಲದೆ, ಕರುಣೆಯೂ ಇಲ್ಲದೆ, ನನ್ನ ಮುಖವನ್ನೇ ನೋಡುತ್ತ ಹೇಳಿದಳು. "ಓದೋದು ನಿಲ್ಲಿಸ್ಬೋದಿತ್ತು ನೀನು."

ಒಳಗಿನಿಂದ ಯಾರೋ ನನ್ನನ್ನು ಕೂಗಿದರು. ಅವಳು ಬಳ್ಳಿಯ ಹಿಂದೆ ಸರಿದಳು. ಸರಿಯುವ ಮುಂಚೆ, "ಕೆಂಪಿ ಬಂದಿಲ್ಲ ಕಣೆ. ಅಲ್ಲೇ ಅವ್ಳೆ" ಎಂದಳು. ಅದೇ ಕಡೆಯ ಮಾತು. ನಾನು ಮೊದಲ ಬಾಣಂತನದಲ್ಲಿ ಹೆಬ್ಬಾಳದಲ್ಲಿದ್ದಾಗ ಅವಳು ಹೋದಳು. ನನಗೆ ತಿಳಿಸಿದ್ದು ಒಂದು ದಿನ ತಡವಾಗಿ.

ಆ ಮೂರು ಕಾಳಿನ ತಳಿಯನ್ನು ನಾನು ಎಲ್ಲಿದ್ದರೂ ಊರಿದ್ದೇನೆ. ಹೆಬ್ಬಾಳದ ಮನೆಯ ಹಿಂದೆ, ಆಮೇಲೆ ಯಶವಂತಪುರದ ವಠಾರದಲ್ಲಿ ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ, ಈಗ ಈ ಮನೆಯ ತಾರಸಿಯ ಮೇಲೆ. ಅಜ್ಜಿಯ ಕುಂಡ ಎಂದು ನೀವು ನಗುವ ಬಳ್ಳಿ ಅದೇ. ಅಂಗಡಿಯ ಪ್ಯಾಕೆಟ್ಟಿನ ಕಾಳಿಗಿಲ್ಲದ ಸೊಗಡು ಅದಕ್ಕಿದೆ. ನಿಮ್ಮ ಅಪ್ಪನಿಗೂ ಅತ್ತೆಯರಿಗೂ ಎಷ್ಟೋ ಕಥೆ ಹೇಳಿದ್ದೇನೆ, ಕೆಂಪಿಯ ಕಥೆ ಹೇಳಿಲ್ಲ. ಹೇಳಲು ಬಾಯಿ ಬರಲಿಲ್ಲ. ಇವತ್ತಿಗೂ ಎಲ್ಲೋ ಒಂದು ಹಳೆಯ ಪೆಟ್ಟಿಗೆಯಲ್ಲಿ ಆ ನೀಲಿ ರಟ್ಟಿನ ಪುಸ್ತಕ ಇರಬಹುದು. ಅದರಲ್ಲಿ ಅವಳು ಮೂಲೆಯಲ್ಲಿ ಕೂತಿರಬಹುದು. ಯಾರಾದರೂ ಅದನ್ನು ಓದಿ ಎಂಥ ಸಾಧ್ವಿ ಎಂದು ಕಣ್ಣೊರೆಸಿಕೊಳ್ಳಬಹುದು. ನೆನೆದರೆ ನನ್ನ ಎದೆ ಈಗಲೂ ಉರಿಯುತ್ತದೆ. ಇಷ್ಟು ವಯಸ್ಸಾದ ಮೇಲೆ ಕೋಪ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳುತ್ತಾರೆ. ಈ ಒಂದು ಕೋಪವನ್ನು ನಾನು ಬಿಡುವುದಿಲ್ಲ. ಅವಳಿಗಾಗಿ ನಾನು ಉಳಿಸಿಕೊಂಡದ್ದು ಆ ಮೂರು ಕಾಳು, ಈ ಕೋಪ, ಎರಡೇ.

ಮಾನ್ವಿ, ನೀನು ಓದುವ ಕಥೆಗಳ ವಿಷಯ ನನಗೆ ತಿಳಿಯದು. ಅಲ್ಲಿ ಬರೆಯುವವರು ಮೇಷ್ಟ್ರ ಹಾಗಿರಲಿಕ್ಕಿಲ್ಲ, ರಾಮನ ಹಾಗೆ ಆಸೆಯಿಂದ ಒಂದು ಎಮ್ಮೆ ಕೊಡುವವರೇ ಇರಬಹುದು. ಕೊಡುವುದಾದರೆ ಕೊಡಲಿ. ಆದರೆ ಅವಳನ್ನು ಯಾರು ಕೇಳುತ್ತಾರೆ ಎಂದು ಮಾತ್ರ ಇನ್ನೊಮ್ಮೆ ನಗಬೇಡ. ಕೇಳಬಹುದಾದವಳು ಬದುಕಿದ್ದರೆ ಕೇಳು. ಬಾಗಿಲ ಹಿಂದೆ ನಿಂತಿದ್ದರೂ ಕೇಳು.

ನಂಜತ್ತೆ ಕಡೆಯ ಸಲ ಕಥೆ ನಿಲ್ಲಿಸಿದ್ದು ವಾರ್ಷಿಕೋತ್ಸವದ ಹಿಂದಿನ ದಿನ. ಅದು ನನ್ನ ನೋಟ್‌ಬುಕ್ಕಿನಲ್ಲಿರಲಿಲ್ಲ, ಮೇಷ್ಟ್ರಿಗೂ ಗೊತ್ತಿರಲಿಲ್ಲ, ಹಾಗಾಗಿ ಯಾವ ಪುಸ್ತಕದಲ್ಲೂ ಇಲ್ಲ. ಅಡಿಯೂರಿನ ಕೆಳಗೆ ಇನ್ನೂ ಒಂದು ಊರಿದೆ ಎಂದು ಕೆಂಪಿಗೆ ಅಂದು ತಿಳಿದಿತ್ತು. ದೊಡ್ಡಮ್ಮ ಸೊಂಟದ ಏಡಿಯೊಂದನ್ನು ಬಿಚ್ಚಿ ಅವಳ ಕೈಗೆ ಕೊಟ್ಟು, ಬೇಕಾದರೆ ಮೇಲಿನ ಬಾಗಿಲು ತೆಗಿ, ಬೇಕಾದರೆ ಕೆಳಗಿನದು, ನಾನು ಏನೂ ಹೇಳುವುದಿಲ್ಲ ಎಂದಳು. ಕೆಂಪಿ ತೂಬಿನ ಮೂರನೇ ಮೆಟ್ಟಿಲ ಮೇಲೆ ನಿಂತಿದ್ದಾಳೆ. ಮೇಲಿನಿಂದ ವಾಲಗದ ಸದ್ದು ಕೇಳುತ್ತಿದೆ. ಕೆಳಗಿನ ಬಾಗಿಲ ಸಂದಿಯಿಂದ ಮೊನ್ನೆಯ ಬೆಳಕು ಬಂದು ಅವಳ ಪಾದದ ಮೇಲೆ ಬಿದ್ದಿದೆ. ಕೈ ಅಗುಳಿಯ ಮೇಲಿದೆ.

ಇಲ್ಲಿ ನಾನು ನಿಲ್ಲಿಸುತ್ತೇನೆ. ಅಂದು ನಿಲ್ಲಿಸಲಿಲ್ಲ. ಮುಂದಿನದು ನಂಜತ್ತೆಗೆ ಗೊತ್ತಿತ್ತು, ಅವಳು ಹೇಳಲಿಲ್ಲ, ಕೇಳಲು ಈಗ ಅವಳಿಲ್ಲ. ಆದ್ದರಿಂದ ನೀವೂ ಮುಂದುವರಿಸಬೇಡಿ, ಎಷ್ಟೇ ಆಸೆಯಾದರೂ. ಈ ಹಾಳೆಗಳನ್ನು ನನ್ನ ಬೀಜದ ಡಬ್ಬಿಯಲ್ಲೇ ಇಡಿ, ಕಾಳುಗಳ ಜೊತೆ. ಹುಳು ಹತ್ತದ ಹಾಗೆ ವರ್ಷಕ್ಕೊಮ್ಮೆ ಒಣಗಿದ ಬೇವಿನ ಎಲೆ ಬದಲಾಯಿಸಿ. ಆಷಾಢದಲ್ಲಿ ಒಂದು ಕಾಳನ್ನು ಊರಿ, ಉಳಿದದ್ದನ್ನೂ ಇದನ್ನೂ ಮತ್ತೆ ಮುಚ್ಚಿಡಿ. ಜೋಪಾನ, ಅವಳು ಅಲ್ಲೇ ನಿಂತಿದ್ದಾಳೆ.